ಪದುವಾ ನಗರದ ಅರೀನಾ ಪ್ರಾರ್ಥನಾಮಂದಿರ

ಇಟಲಿ ದೇಶದ ಈಶಾನ್ಯಭಾಗದಲ್ಲಿ, ವೆನಿಸ್ ಪಟ್ಟಣಕ್ಕೆ ಪಶ್ಚಿಮವಾಗಿ ಸುಮಾರು ಇಪ್ಪತ್ತೈದು ಮೈಲಿಗಳ ದೂರದಲ್ಲಿ ಪದುವಾ ಎಂಬ ಪುರಾತನ ನಗರವಿದೆ. ಸಂತ ಅಂತೋಣಿಯ ಹೆಸರಿನೊಡನೆ ಕೂಡಿಕೊಂಡು ಈ ಊರಿನ ಹೆಸರು ಕನ್ನಡನಾಡಿನ ಕ್ರೈಸ್ತರ ಮನೆಗಳಲ್ಲಿಯೂ ಬಳಕೆಯಲ್ಲಿದೆ. ಯಾತ್ರಿಕರು ತಂಡತಂಡವಾಗಿ ಹೋಗುವುದು ಆ ಸಂತನ ಸಮಾಧಿಯಿರುವ ಮಹಾದೇವಾಲಯಕ್ಕೆ. ಆದರೆ ಅಲ್ಲಿಂದ ಉತ್ತರಕ್ಕೆ ನಡೆದರೆ, ರೋಮನರ ಕಾಲದ ಮಲ್ಲರಂಗವೊಂದರ ಹಾಳುಗೋಡೆಯ ಬಳಸಿನೊಳಗೆ, ಇಟ್ಟಿಗೆಯಿಂದ ಕಟ್ಟಿದ ಚಿಕ್ಕ ಪ್ರಾರ್ಥನಾಮಂದಿರವೊಂದು ಕಾಣಬರುತ್ತದೆ. ಆ ಮಲ್ಲರಂಗದ ದೆಸೆಯಿಂದಲೇ ಇದಕ್ಕೆ ಅರೀನಾ ಮಂದಿರವೆಂಬ ಹೆಸರು. ಕಟ್ಟಿಸಿದ ಮನೆತನದಿಂದ ಸ್ಕ್ರೊವೇನ್ಯಿ ಮಂದಿರವೆಂದೂ ಕರೆಯುವರು. ಒಳಗಿನ ಉದ್ದವು ಸುಮಾರು 21 ಮೀಟರು, ಅಗಲವು 8 ಮೀಟರಿಗಿಂತ ತುಸು ಹೆಚ್ಚು, ಎತ್ತರವು 13 ಮೀಟರಿಗೆ ಕಡಮೆ. ಹೊರಗೆ ಶಿಲ್ಪವಿಲ್ಲ, ಒಳಗೆ ಕಂಬಗಳಿಲ್ಲ, ಪಕ್ಕದ ಅಂಕಣಗಳಿಲ್ಲ. ಕಮಾನು ಚಾವಣಿಯ ಒಂದೇ ಹಜಾರ, ಅದರ ಪೂರ್ವದ ತುದಿಗೆ ಬಲಿಪೀಠದ ಕಿರುಮನೆ, ಇಷ್ಟೇ ಕಟ್ಟಡ. ಇದನ್ನು ಪ್ರಪಂಚದ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ನಿಲ್ಲಿಸಿದುದು ಅದರ ಒಳಗೋಡೆಗಳ ಮೇಲೆ ಫ್ಲಾರೆನ್ಸಿನ ಜೊಟ್ಟೊ ಎಂಬ ಚಿತ್ರಕಾರನು ಬರೆದ ಭಿತ್ತಿಚಿತ್ರಗಳು.

ಎನ್ರಿಕೊ ಸ್ಕ್ರೊವೇನ್ಯಿ ಎಂಬ ಶ್ರೀಮಂತನು 1300ರಲ್ಲಿ ಈ ಮಲ್ಲರಂಗದ ನೆಲವನ್ನು ಕೊಂಡು, ಅಲ್ಲಿ ತನ್ನ ಅರಮನೆಯನ್ನೂ ಅದಕ್ಕೆ ಹೊಂದಿಕೊಂಡಂತೆ ಈ ಮಂದಿರವನ್ನೂ ಕಟ್ಟಿಸಿದನು. 1305ರ ಮಾರ್ಚಿ 25ರಂದು, ಮಂಗಳವಾರ್ತೆಯ ಹಬ್ಬದ ದಿವಸ, ಕರುಣೆಯ ಮಾತೆ ಮರಿಯಮ್ಮನವರ ಹೆಸರಿನಲ್ಲಿ ಇದರ ಪ್ರತಿಷ್ಠೆಯಾಯಿತು. ಆ ಉತ್ಸವಕ್ಕಾಗಿ ಸಂತ ಮಾರ್ಕನ ದೇವಾಲಯದ ತೆರೆವಸ್ತ್ರಗಳನ್ನು ಎರವಲು ಕೊಡಬೇಕೆಂದು ವೆನಿಸಿನ ಸಭೆಯು ಅದೇ ತಿಂಗಳಿನಲ್ಲಿ ಗೊತ್ತುಮಾಡಿದ ದಾಖಲೆಯುಂಟು. ಈ ಸಂಗತಿಗಳಲ್ಲಿ ವಿವಾದವಿಲ್ಲ. ಕಟ್ಟಿಸಿದವನ ಮನಸ್ಸಿನಲ್ಲಿ ಏನಿತ್ತು ಎಂಬಲ್ಲಿಂದ ವಿವಾದವು ಮೊದಲಾಗುತ್ತದೆ. ಮಂದಿರದ ಮೇಲೆ ಬಂದಿರುವ ಬರವಣಿಗೆಯಲ್ಲಿ ಹಿರಿಯ ಪಾಲು ಈ ಒಂದು ಪ್ರಶ್ನೆಗೇ ಸಂದಿದೆ.

ಈ ಪ್ರಶ್ನೆಯನ್ನು ಹುಟ್ಟಿಸಿದವನು ಒಬ್ಬ ಕವಿ. ಡಾಂಟೆಯ ಮಹಾಕಾವ್ಯದ ನರಕಕಾಂಡದ 17ನೆಯ ಸರ್ಗದಲ್ಲಿ, ಉರಿಯುವ ಮರಳಿನ ಮೇಲೆ ಕುಳಿತು ಬೇಯುತ್ತಿರುವ ಬಡ್ಡಿಕೋರರ ವರ್ಣನೆ ಬರುತ್ತದೆ. ಅವರ ಮುಖಗಳು ಗುರುತು ಸಿಕ್ಕುವುದಿಲ್ಲ. ಕೊರಳಿಗೆ ತೂಗಿರುವ ಹಣದ ಚೀಲಗಳ ಮೇಲಿನ ವಂಶಲಾಂಛನಗಳಿಂದಲೇ ಅವರನ್ನು ತಿಳಿಯಬೇಕು. ಅವರಲ್ಲಿ ಒಬ್ಬನ ಬಿಳಿಯ ಚೀಲದ ಮೇಲೆ ನೀಲಿಬಣ್ಣದ ಗಬ್ಬದ ಹೆಣ್ಣುಹಂದಿಯಿದೆ. ಇಟಾಲಿಯನ್ ಭಾಷೆಯಲ್ಲಿ ಹೆಣ್ಣುಹಂದಿಗೆ ಸ್ಕ್ರೋಫ ಎಂದು ಹೆಸರು. ಸ್ಕ್ರೊವೇನ್ಯಿ ಮನೆತನದ ಲಾಂಛನವೂ ಅದೇ. ಆತನು ತಾನು ಪದುವಾದವನೆಂದು ಹೇಳಿಕೊಳ್ಳುತ್ತಾನೆ, ಕಡೆಗೆ ಎತ್ತಿನಂತೆ ನಾಲಗೆಯನ್ನು ಹೊರಚಾಚುತ್ತಾನೆ. ಕವಿಯು ಹೆಸರನ್ನು ಹೇಳದಿದ್ದರೂ ವ್ಯಾಖ್ಯಾನಕಾರರು ಇವನನ್ನು ಎನ್ರಿಕೊವಿನ ತಂದೆಯಾದ ರೆಜಿನಾಲ್ಡೊ ಎಂದು ಗುರುತಿಸಿದರು. ತಂದೆಯು ಬಡ್ಡಿಯಿಂದ ಗಳಿಸಿ ನರಕಕ್ಕೆ ಹೋದನು, ಮಗನು ಆ ಪಾಪದ ಪರಿಹಾರಕ್ಕಾಗಿ ಮಂದಿರವನ್ನು ಕಟ್ಟಿಸಿದನು ಎಂಬ ಕಥೆಯು ಇದರಿಂದ ಬೆಳೆಯಿತು. ಕಾವ್ಯವನ್ನು ಬಲ್ಲವರಿಗೆ ಈ ಕಥೆಯು ಹಿತವಾಗಿರುವುದು ಸಹಜವೇ. ಆದರೆ ಕಾಲದ ಕ್ರಮವನ್ನು ನೋಡಬೇಕು: ಮಂದಿರದ ಪ್ರತಿಷ್ಠೆಯಾದಾಗ ನರಕಕಾಂಡವು ಇನ್ನೂ ಜನರ ಕೈಗೆ ಬಂದಿರಲಿಲ್ಲ. ಮಹಾಕಾವ್ಯವು ಕಟ್ಟಡಕ್ಕೆ ಕಾರಣವಾಗಿರಲಾರದು. ಊರಲ್ಲಿ ಇದ್ದ ಅಪವಾದವೊಂದಕ್ಕೆ ಅದು ಸಾಕ್ಷಿ, ಅಷ್ಟೆ.

2008ನೆಯ ಇಸವಿಯಲ್ಲಿ ಈ ವಿಷಯವಾಗಿ ಎರಡು ಗ್ರಂಥಗಳು ಹೊರಬಂದುವು. ಒಂದು, ಆನ್ ಡರ್ಬಿಸ್ ಮತ್ತು ಮಾರ್ಕ್ ಸಂಡೋನಾ ಎಂಬ ಅಮೆರಿಕದ ವಿದ್ವಾಂಸರಿಬ್ಬರದು. ಬಡ್ಡಿಕೋರನ ಹೃದಯ ಎಂಬ ಅರ್ಥದ ಹೆಸರನ್ನು ಹೊತ್ತ ಆ ಗ್ರಂಥದಲ್ಲಿ ಚಿತ್ರಯೋಜನೆಯ ಒಳತಿರುಳೇ ಬಡ್ಡಿಯ ಪಾಪವೂ ಅದರ ಪರಿಹಾರವೂ ಆಗಿದೆಯೆಂಬ ವಾದವಿದೆ. ಇನ್ನೊಂದು, ಇಟಲಿಯ ಇತಿಹಾಸಜ್ಞೆ ಕಿಯಾರಾ ಫ್ರುಗೋನಿಯವರದು. ಅದರ ಹೆಸರು ಎನ್ರಿಕೊವಿನ ಅತ್ಯುತ್ತಮ ವ್ಯವಹಾರ ಎಂದು. ಪ್ರಾಯಶ್ಚಿತ್ತದ ಕಥೆಯನ್ನು ಆಕೆ ಒಪ್ಪುವುದಿಲ್ಲ. ಮಂದಿರವು ಮಹತ್ವಾಕಾಂಕ್ಷೆಯ ಪುರುಷನೊಬ್ಬನು ತನ್ನ ಹೆಸರನ್ನು ನಿಲ್ಲಿಸಲು ಮಾಡಿದ ಕೆಲಸವೆಂದು ಆಕೆಯ ಪಕ್ಷ. ಒಂದೇ ಗೋಡೆಯನ್ನು ನೋಡಿ ಒಂದೇ ವರ್ಷದಲ್ಲಿ ಇಷ್ಟು ದೂರದ ಎರಡು ನಿರ್ಣಯಗಳಿಗೆ ಬಂದುದು ವಿದ್ವಾಂಸರ ದೋಷವಲ್ಲ. ದಾನಿಯ ಅಂತರಂಗದಿಂದ ಹೊರಟು ಚಿತ್ರವನ್ನು ಸೇರುವ ದಾರಿಯಲ್ಲಿಯೇ ಈ ಕವಲು ಇದೆ.

ಪ್ರಾಯಶ್ಚಿತ್ತದ ವಾದಕ್ಕೆ ಇನ್ನೊಂದು ತೊಡಕೂ ಉಂಟು. ಆ ಕಾಲದ ಧರ್ಮಸಭೆಯ ಕಟ್ಟಳೆಯಲ್ಲಿ ಸಾಲಕ್ಕೆ ಬಡ್ಡಿಯನ್ನು ತೆಗೆದುಕೊಳ್ಳುವುದೇ ಪಾಪ. 1179ರ ಲ್ಯಾಟರನ್ ಮಹಾಸಭೆಯು ಬಹಿರಂಗವಾಗಿ ಬಡ್ಡಿ ವ್ಯಾಪಾರ ಮಾಡುವವರಿಗೆ ಕ್ರೈಸ್ತವಿಧಿಯ ಸಮಾಧಿಯನ್ನು ನಿಷೇಧಿಸಿತು. 1274ರ ಲಿಯಾನ್ ಮಹಾಸಭೆಯು, ಪಡೆದ ಬಡ್ಡಿಯನ್ನು ಹಿಂದಿರುಗಿಸುವವರೆಗೆ ಅಂಥವರಿಗೆ ಬಿಡುಗಡೆಯಿಲ್ಲವೆಂದಿತು. ಹಣವು ಸೇರಬೇಕಾದುದು ಕಳೆದುಕೊಂಡವರ ಕೈಗೆ. ದೇವರಿಗೆ ಮನೆ ಕಟ್ಟಿಸಿದರೆ ಸಾಲಗಾರನ ನಷ್ಟವು ತೀರುವುದಿಲ್ಲ. ಆದುದರಿಂದ ಮಂದಿರವೊಂದೇ ಶಾಸ್ತ್ರಸಮ್ಮತವಾದ ಪರಿಹಾರವಾಗಿತ್ತೆಂದು ಹೇಳುವುದು, ಆ ಕಾಲದ ಧರ್ಮಶಾಸ್ತ್ರವು ಬಿಗಿಯಾಗಿ ಹಿಡಿದುದನ್ನು ಸಡಿಲಮಾಡಿದಂತೆ.

ಊಹೆಗಳ ಗುಂಪಿನಲ್ಲಿ ಗಟ್ಟಿಯಾದ ದಾಖಲೆಯೊಂದಿದೆ. ಅದನ್ನು ಬರೆದವರು ನೆರೆಯವರು. ಮಂದಿರದ ಪಕ್ಕದಲ್ಲಿಯೇ ಎರೆಮಿತಾನಿ ಎಂದು ಹೆಸರಾದ ಅಗಸ್ಟೀನಿಯನ್ ಸಂನ್ಯಾಸಿಗಳ ಮಠವೂ ದೇವಾಲಯವೂ ಇದ್ದುವು. 1305ರ ಜನವರಿಯಲ್ಲಿ ಆ ಸಂನ್ಯಾಸಿಗಳು ಬಿಷಪ್ಪರ ಕಡೆಗೆ ಒಂದು ದೂರನ್ನು ಒಯ್ದರು. ಎನ್ರಿಕೊವಿಗೆ ಸಿಕ್ಕಿದ್ದ ಅನುಮತಿಯು ಅವನಿಗೂ ಅವನ ಹೆಂಡತಿಗೂ ತಾಯಿಗೂ ಮನೆಯವರಿಗೂ ಸಾಲುವಂಥ, ಒಂದೇ ಬಲಿಪೀಠವುಳ್ಳ, ಗಂಟೆಗಳಿಲ್ಲದ ಚಿಕ್ಕ ಮಂದಿರಕ್ಕೆ ಮಾತ್ರ. ಅವನಾದರೋ ದೊಡ್ಡ ದೇವಾಲಯವನ್ನು ಎಬ್ಬಿಸುತ್ತಿದ್ದಾನೆ, ಗಂಟೆಗೋಪುರವನ್ನು ಕಟ್ಟುತ್ತಿದ್ದಾನೆ. ಇದರಲ್ಲಿರುವುದು ದೈವಭಕ್ತಿಗಿಂತ ಹೆಚ್ಚಾಗಿ ಆಡಂಬರವೂ ಒಣಹೆಮ್ಮೆಯೂ ಎಂಬುದು ಆ ದೂರಿನ ಸಾರ. ಇದನ್ನು ಓದುವಾಗ ಎರಡು ಎಚ್ಚರಗಳು ಅವಶ್ಯಕ. ದೂರಿದವರು ನಿಷ್ಪಕ್ಷಪಾತಿಗಳಲ್ಲ: ಪಕ್ಕದಲ್ಲಿ ಗಂಟೆಯೊಂದು ಮೊಳಗತೊಡಗಿದರೆ ತಮ್ಮ ದೇವಾಲಯಕ್ಕೆ ಬರುವ ಭಕ್ತರೂ ಕಾಣಿಕೆಯೂ ಕಡಮೆಯಾಗುವುದೆಂಬ ಭಯ ಅವರಿಗಿದ್ದಿರಬೇಕು, 1304ರಲ್ಲಿ ಪೋಪ್ ಹನ್ನೊಂದನೆಯ ಬೆನೆಡಿಕ್ಟರು ಈ ಮಂದಿರವನ್ನು ಸಂದರ್ಶಿಸುವವರಿಗೆ ಪಾಪದಂಡದ ವಿನಾಯಿತಿಯನ್ನು ದಯಪಾಲಿಸಿದ್ದರು. ಆದರೂ ಅವರ ಮಾತನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಬಿಡುವಂತಿಲ್ಲ. ಈ ಕಟ್ಟಡದ ಚಿಕ್ಕತನವು ಆಕಸ್ಮಿಕವಲ್ಲ, ಅದು ವಿಧಿಸಲ್ಪಟ್ಟ ಷರತ್ತು ಎಂಬುದು ಅವರಿಂದಲೇ ತಿಳಿದುಬರುತ್ತದೆ. ಮಂದಿರಕ್ಕೆ ಅಡ್ಡಲಾಗಿ ಎರಡು ತೋಳುಗಳನ್ನು ಕಟ್ಟುವ ಆಲೋಚನೆಯಿದ್ದು ಈ ದೂರಿನ ತರುವಾಯ ಅದನ್ನು ಕೈಬಿಟ್ಟಿರಬಹುದೆಂದು ಕೆಲವರು ಊಹಿಸಿದ್ದಾರೆ. ಊಹೆಯು ಹೇಗೇ ಇರಲಿ, ಬೆಳೆಯಲು ಬಯಸಿದ ಕಟ್ಟಡವೊಂದನ್ನು ಗಡಿಯೊಳಗೆ ನಿಲ್ಲಿಸಬೇಕಾಗಿತ್ತೆಂಬುದು ಸ್ಪಷ್ಟ. ಚಿತ್ರಕಾರನಿಗೆ ಒದಗಿದುದು ಈ ಇಕ್ಕಟ್ಟಾದ ಪೆಟ್ಟಿಗೆ.

ಅವನು ಅದನ್ನು ಹೇಗೆ ಬಳಸಿದನೆಂಬುದನ್ನು ನೋಡುವುದಕ್ಕೆ ಗೋಡೆಗಳ ಬಳಿಗೇ ಹೋಗಬೇಕು. ಉತ್ತರದ ಗೋಡೆಗೆ ಅರಮನೆಯು ಅಂಟಿಕೊಂಡಿದ್ದುದರಿಂದ ಅಲ್ಲಿ ಕಿಟಕಿಗಳಿಲ್ಲ. ದಕ್ಷಿಣದ ಗೋಡೆಯಲ್ಲಿ ಆರು ಕಿರಿದಾದ ಕಿಟಕಿಗಳಿವೆ. ಚಾವಣಿಯು ಚಿನ್ನದ ಚುಕ್ಕೆಗಳುಳ್ಳ ನೀಲಿಯ ಆಕಾಶ. ಗೋಡೆಗಳ ಮೇಲೆ ಚಿತ್ರಗಳು ಮೂರು ಸಾಲುಗಳಲ್ಲಿ ಸುತ್ತಿ ಸುತ್ತಿ ಇಳಿಯುತ್ತವೆ. ಮೇಲಿನ ಸಾಲಿನಲ್ಲಿ ಮರಿಯಮ್ಮನವರ ತಂದೆತಾಯಿಗಳಾದ ಯೋವಾಕಿಂ ಅನ್ನಮ್ಮರ ಕಥೆ ಮತ್ತು ಮರಿಯಮ್ಮನವರ ಬಾಲ್ಯ, ವಿವಾಹ. ನಡುವಿನ ಸಾಲಿನಲ್ಲಿ ಯೇಸುವಿನ ಜನನ ಮತ್ತು ಬೋಧನೆಯ ಕಾಲ. ಕೆಳಗಿನ ಸಾಲಿನಲ್ಲಿ ಕಡೆಯ ಭೋಜನದಿಂದ ಮೊದಲಾಗಿ ಶಿಲುಬೆ, ಪುನರುತ್ಥಾನ, ಪವಿತ್ರಾತ್ಮನ ಅವತರಣ. ಪಶ್ಚಿಮದ ಬಾಗಿಲ ಗೋಡೆಯನ್ನೆಲ್ಲ ಕಡೆಯ ನ್ಯಾಯತೀರ್ಪಿನ ಮಹಾಚಿತ್ರವು ಆಕ್ರಮಿಸಿದೆ. ಕಥೆಯು ಗಡಿಯಾರದ ಮುಳ್ಳಿನಂತೆ ಮೂರು ಸುತ್ತು ತಿರುಗುವುದರಿಂದ, ನೋಡುವವನೂ ನಿಂತಲ್ಲಿಯೇ ತಿರುಗಬೇಕು. ವಿಶಾಲವಾದ ದೇವಾಲಯದಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲ. ಇಲ್ಲಿ ಎಂಟು ಮೀಟರಿನ ಅಗಲದಲ್ಲಿ ಎರಡು ಗೋಡೆಗಳೂ ಏಕಕಾಲದಲ್ಲಿ ಕಣ್ಣಿನ ಹಿಡಿತಕ್ಕೆ ಬರುತ್ತವೆ. ಎದುರುಗೋಡೆಯ ಚಿತ್ರವು ಈ ಗೋಡೆಯ ಚಿತ್ರಕ್ಕೆ ಉತ್ತರ ಕೊಡುತ್ತದೆ. ಆನಂದವರ್ಧನನ ಶಿಷ್ಯರು ಧ್ವನಿಯೆಂದು ಕರೆಯುವ ವಸ್ತುವಿಗೆ ಈ ಮಂದಿರಕ್ಕಿಂತ ಒಳ್ಳೆಯ ಉದಾಹರಣೆಯು ಚಿತ್ರಕಲೆಯಲ್ಲಿ ಸಿಕ್ಕುವುದು ಅಪೂರ್ವ.

ಇದಕ್ಕೆ ನಿದರ್ಶನ: ಮೇಲಿನ ಸಾಲಿನ ದಕ್ಷಿಣದ ಗೋಡೆಯ ಕೊನೆಗೆ, ಬಹುಕಾಲ ಅಗಲಿದ್ದ ಯೋವಾಕಿಂನೂ ಅನ್ನಮ್ಮನೂ ಯೆರೂಸಲೇಮಿನ ಚಿನ್ನದ ಬಾಗಿಲಲ್ಲಿ ಸಂಧಿಸುತ್ತಾರೆ. ಮುದಿ ದಂಪತಿಗಳು ಮುದ್ದಿಡುವಾಗ ಎರಡು ಮುಖಗಳು ಒಂದೇ ಆಗಿಬಿಟ್ಟಿವೆ. ಅದೇ ಗೋಡೆಯ ಕೆಳಸಾಲಿನಲ್ಲಿ ಯೂದನು ಯೇಸುವಿಗೆ ಮುತ್ತಿಡುತ್ತಾನೆ. ಇಲ್ಲಿಯೂ ಎರಡು ಮುಖಗಳು ಹತ್ತಿರ ಬಂದಿವೆ, ಆದರೆ ಸೇರಿಲ್ಲ. ನಡುವೆ ಒಂದು ತೆಳುವಾದ ಎಡೆಯುಳಿದಿದೆ. ಯೂದನ ಹಳದಿ ಮೇಲಂಗಿಯು ಯೇಸುವಿನ ದೇಹವನ್ನೆಲ್ಲ ನುಂಗಿದೆ, ಕಣ್ಣುಗಳು ಮಾತ್ರ ಎದುರಾಳಿಯನ್ನು ನೇರವಾಗಿ ನೋಡುತ್ತಿವೆ, ಹಿಂದೆ ಆಕಾಶದ ತುಂಬ ಭರ್ಜಿಗಳೂ ಪಂಜುಗಳೂ. ಮೊದಲನೆಯ ಮುತ್ತನ್ನು ಕಂಡವನಿಗೆ ಎರಡನೆಯದರ ಘೋರತೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಹಣದ ಮಾತಿಗೆ ಬಂದರೆ ಇದೇ ಕ್ರಮವು ಇನ್ನೂ ನಿಶಿತವಾಗಿದೆ. ನಡುಸಾಲಿನ ಉತ್ತರದ ಗೋಡೆಯು ಮುಗಿಯುವುದು ಯೇಸುವು ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟುವ ಚಿತ್ರದಲ್ಲಿ. ಅಲ್ಲಿಂದ ಮೂಲೆಯನ್ನು ತಿರುಗಿದ ಕೂಡಲೆ, ಬಲಿಪೀಠದ ಕಮಾನಿನ ಎಡಮಗ್ಗುಲಲ್ಲಿ, ಯೂದನು ಯಾಜಕರಿಂದ ಹಣದ ಚೀಲವನ್ನು ಪಡೆದುಕೊಂಡು ನಿಂತಿದ್ದಾನೆ. ಅವನ ಹೆಗಲ ಹಿಂದೆ ಕಪ್ಪು ಪಿಶಾಚಿ. ಒಂದು ಮೂಲೆಯ ಆಚೆ ಹಣವನ್ನು ದೇವರ ಮನೆಯಿಂದ ಓಡಿಸಿಯಾಯಿತು. ಈಚೆ ಅದೇ ಹಣವು ದೇವರನ್ನೇ ಕೊಳ್ಳುತ್ತಿದೆ. ಕಥೆಯ ಕ್ರಮದಲ್ಲಿ ಈ ಚಿತ್ರಕ್ಕೆ ಇದೇ ಸ್ಥಳವು ಸಲ್ಲುವುದರಿಂದ ವಿಶೇಷಾರ್ಥವನ್ನು ಹುಡುಕಬೇಕಾಗಿಲ್ಲವೆಂದು ಆಕ್ಷೇಪಿಸಬಹುದು. ಆದರೆ ಪಕ್ಕದ ಗೋಡೆಯ ಸಾಲಿನಲ್ಲಿ ಅಡಗಬಹುದಾಗಿದ್ದ ಸಂಗತಿಯೊಂದನ್ನು, ಪೂಜೆಗೆ ನಿಂತ ಪ್ರತಿಯೊಬ್ಬನ ಕಣ್ಣಿಗೂ ನೇರವಾಗಿ ಬೀಳುವ ಕಮಾನಿನ ಮೇಲೆ ತಂದಿರಿಸಿದುದನ್ನು ಕಥಾಕ್ರಮವೊಂದೇ ಸಮರ್ಥಿಸಲಾರದು. ಇದಕ್ಕೆ ಸರಿಯಾಗಿ ಕಮಾನಿನ ಬಲಮಗ್ಗುಲಲ್ಲಿ, ಗರ್ಭವತಿಯಾದ ಮರಿಯಮ್ಮನೂ ಗರ್ಭವತಿಯಾದ ಎಲಿಜಬೇತಳೂ ಪರಸ್ಪರ ಅಪ್ಪಿಕೊಳ್ಳುವ ಚಿತ್ರವಿದೆ. ಎಡಕ್ಕೆ ಇಬ್ಬರು ಗಂಡಸರು ಎದುರುಬದುರಾಗಿ. ಬಲಕ್ಕೆ ಇಬ್ಬರು ಹೆಂಗಸರು ಎದುರುಬದುರಾಗಿ. ಎರಡರಲ್ಲಿಯೂ ಕೆಂಪು ಉಡುಪಿಗೆ ಹಳದಿಯು ಎದುರು. ಹಣವು ಬಂಜೆ, ಅದು ಮರಿಹಾಕುವುದು ಪ್ರಕೃತಿವಿರುದ್ಧ ಎಂಬ ಅರಿಸ್ಟಾಟಲನ ಮತವನ್ನು ಆ ಕಾಲದ ಧರ್ಮಜ್ಞರು ಬಡ್ಡಿಯ ಮೇಲಿನ ವಾದದಲ್ಲಿ ಬಳಸುತ್ತಿದ್ದರು. ಬಂಜೆಯಾದ ಲೋಹವನ್ನೂ ಫಲಿಸಿದ ಗರ್ಭವನ್ನೂ ಚಿತ್ರಕಾರನು ತೂಕಕ್ಕೆ ಇಟ್ಟಿದ್ದಾನೆಂದು ಡರ್ಬಿಸ್ ಮತ್ತು ಸಂಡೋನಾ 1998ರಲ್ಲಿಯೇ ಒಂದು ಲೇಖನದಲ್ಲಿ ತೋರಿಸಿದರು. ಅವರ ಗ್ರಂಥದ ಎಲ್ಲ ನಿರ್ಣಯಗಳನ್ನು ಒಪ್ಪದವರೂ ಈ ಒಂದನ್ನು ಒಪ್ಪಬೇಕಾಗುತ್ತದೆ. ಏಕೆಂದರೆ ಇದಕ್ಕೆ ಎನ್ರಿಕೊವಿನ ಮನಸ್ಸಿನ ಸಾಕ್ಷಿಯು ಬೇಕಾಗಿಲ್ಲ, ಗೋಡೆಯ ಸಾಕ್ಷಿಯೇ ಸಾಕು.

ಮೂರು ಸಾಲುಗಳ ಕೆಳಗೆ, ಮನುಷ್ಯನ ಎತ್ತರಕ್ಕೆ ಸಮೀಪವಾಗಿ, ಅಮೃತಶಿಲೆಯ ಹಾಸುಗಳಂತೆ ಕಾಣುವ ಬಣ್ಣದ ಅಂಚಿನಲ್ಲಿ, ಕಲ್ಲಿನ ವಿಗ್ರಹಗಳೆಂದು ಭ್ರಮೆ ಹುಟ್ಟಿಸುವ ಬೂದುಬಣ್ಣದ ಹದಿನಾಲ್ಕು ಮೂರ್ತಿಗಳಿವೆ. ದಕ್ಷಿಣಕ್ಕೆ ಏಳು ಸದ್ಗುಣಗಳು, ಉತ್ತರಕ್ಕೆ ಏಳು ದುರ್ಗುಣಗಳು. ದುರ್ಗುಣಗಳ ಪಟ್ಟಿಯು ಹೀಗಿದೆ: ಮೌಢ್ಯ, ಚಾಂಚಲ್ಯ, ಕ್ರೋಧ, ಅನ್ಯಾಯ, ಅವಿಶ್ವಾಸ, ಅಸೂಯೆ, ಹತಾಶೆ. ಧರ್ಮಸಭೆಯು ಸಾಮಾನ್ಯವಾಗಿ ಎಣಿಸುವ ಏಳು ಮಹಾಪಾಪಗಳಲ್ಲಿ ಪ್ರಮುಖವಾದ ಲೋಭವು ಇಲ್ಲಿಲ್ಲ. ಬಡ್ಡಿಯ ಮನೆತನದವನು ಕಟ್ಟಿಸಿದ ಮಂದಿರದಲ್ಲಿ ಲೋಭದ ಮೂರ್ತಿಯು ಮಾತ್ರ ಇಲ್ಲದಿರುವುದನ್ನು ಕಂಡು ಮುಗುಳ್ನಗದವರು ವಿರಳ. ದಾನಿಯ ಮುಖ ನೋಡಿ ಚಿತ್ರಕಾರನು ಬಾಯಿ ಮುಚ್ಚಿಕೊಂಡನೆಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ಮೂರ್ತಿಗಳ ಕೈಕಾಲುಗಳನ್ನು ನೋಡಿದರೆ ಈ ತೀರ್ಪು ನಿಲ್ಲುವುದಿಲ್ಲ. ಅಸೂಯೆಯು ಬೆಂಕಿಯಲ್ಲಿ ನಿಂತು ಒಂದು ಕೈಯಲ್ಲಿ ಚೀಲವನ್ನು ಬಿಗಿಯಾಗಿ ಹಿಡಿದಿದ್ದಾಳೆ. ಅವಳ ಬಾಯಿಂದ ಹೊರಟ ಹಾವು ಹಿಂದಿರುಗಿ ಅವಳ ಕಣ್ಣುಗಳನ್ನೇ ಕಚ್ಚಲು ಬರುತ್ತಿದೆ. ಅವಳಿಗೆ ಸರಿಯಾಗಿ ಎದುರುಗೋಡೆಯಲ್ಲಿ ನಿಂತಿರುವವಳು ಕರುಣೆ. ಮಂದಿರದ ಅಧಿದೇವತೆಯ ಬಿರುದನ್ನು ಹೊತ್ತ ಆ ಮೂರ್ತಿಯು ಒಂದು ಕೈಯಲ್ಲಿ ಹಣ್ಣುಹೂಗಳ ಪಾತ್ರೆಯನ್ನು ಹಿಡಿದು, ಇನ್ನೊಂದರಿಂದ ತನ್ನ ಹೃದಯವನ್ನು ಮೇಲಕ್ಕೆ ದೇವರಿಗೆ ನೀಡುತ್ತಿದ್ದಾಳೆ. ಅವಳ ಕಾಲಡಿಯಲ್ಲಿ ತುಂಬಿದ ಚೀಲಗಳು ತುಳಿಯಲ್ಪಟ್ಟು ಬಿದ್ದಿವೆ. ಲೋಭವೆಂಬ ಹೆಸರನ್ನು ಗೋಡೆಯ ಮೇಲೆ ಬರೆದಿಲ್ಲ. ಲೋಭದ ವಸ್ತುವು ಎಲ್ಲ ಕಡೆಯೂ ಇದೆ. ವಾಚ್ಯವಾಗಿ ಬಿಟ್ಟುದನ್ನು ವ್ಯಂಗ್ಯವಾಗಿ ತುಂಬಿದೆಯೆಂದು ಆಲಂಕಾರಿಕರು ಹೇಳಿಯಾರು. ಫ್ರೆಂಚ್ ಕಾದಂಬರಿಕಾರ ಪ್ರೂಸ್ತನು ಈ ಎರಡು ಮೂರ್ತಿಗಳನ್ನೂ ತನ್ನ ಮಹಾಕೃತಿಯ ಮೊದಲ ಭಾಗದಲ್ಲಿ ತಂದಿದ್ದಾನೆ: ಗರ್ಭಿಣಿಯಾದ ಅಡಿಗೆಯ ಹುಡುಗಿಯೊಬ್ಬಳನ್ನು ಸ್ವಾನ್ ಎಂಬ ಪಾತ್ರವು ಜೊಟ್ಟೊವಿನ ಕರುಣೆ ಎಂದು ಕರೆಯುವುದುಂಟು. ಅಲ್ಲಿ ಹಾಸ್ಯವೂ ಇದೆ, ಆಳವಾದ ವಿಮರ್ಶೆಯೂ ಇದೆ. ಈ ಮೂರ್ತಿಗಳು ಗುಣಗಳ ಹೆಸರನ್ನು ಹೊತ್ತಿದ್ದರೂ ಆ ಗುಣವನ್ನು ಮುಖದಲ್ಲಿ ಅಭಿನಯಿಸುವುದಿಲ್ಲವೆಂಬುದನ್ನು ಅವನು ಗುರುತಿಸಿದನು. 1853ರಿಂದ 1860ರ ವರೆಗೆ ಈ ಮಂದಿರದ ಮೇಲೆ ಬರೆದ ರಸ್ಕಿನ್‌ನ ಬಿಡಿಬಿಡಿಯಾದ ವಿವರಣೆಗಳಿಗಿಂತ ಪ್ರೂಸ್ತನ ಈ ಕೆಲವು ಪುಟಗಳು ಮೂರ್ತಿಗಳ ಅಂತರಂಗಕ್ಕೆ ಹತ್ತಿರವಾಗಿವೆ.

ಚಿತ್ರಕಾರನನ್ನು ಹೊಗಳುವ ಭರದಲ್ಲಿ ಪಶ್ಚಿಮದ ಗೋಡೆಯನ್ನು ಮರೆಯಬಾರದು. ಅಲ್ಲಿನ ನರಕದಲ್ಲಿ ಕೆಲವರು ತಮ್ಮ ಹಣದ ಚೀಲದ ದಾರದಿಂದಲೇ ನೇಣುಬಿದ್ದು ತೂಗುತ್ತಿದ್ದಾರೆ. ಯೂದನೂ ಹೊಟ್ಟೆ ಬಿರಿದು ತೂಗುತ್ತಿದ್ದಾನೆ. ಬಡ್ಡಿಯ ಪಾಪವನ್ನು ಇಷ್ಟು ಬಿಚ್ಚಿ ತೋರಿಸಿದ ಮೇಲೆ ಮುಚ್ಚುಮರೆಯ ಮಾತು ಉಳಿಯುವುದಿಲ್ಲ. ಆದರೆ ಇದೇ ಚಿತ್ರದಲ್ಲಿ, ಶಿಲುಬೆಯ ಬುಡದ ಹತ್ತಿರ, ಸ್ವರ್ಗದ ಮಗ್ಗುಲಲ್ಲಿ, ಎನ್ರಿಕೊ ಮೊಣಕಾಲೂರಿದ್ದಾನೆ. ಪಶ್ಚಾತ್ತಾಪದ ಬಣ್ಣವಾದ ನೇರಳೆಯ ಉಡುಪು ಅವನ ಮೈಮೇಲಿದೆ. ಅವನು ಮಂದಿರದ ಪ್ರತಿಕೃತಿಯನ್ನು ಮರಿಯಮ್ಮನವರಿಗೂ ಜೊತೆಯ ಇಬ್ಬರು ಸಂತಮೂರ್ತಿಗಳಿಗೂ ಒಪ್ಪಿಸುತ್ತಿದ್ದಾನೆ. ಪ್ರತಿಕೃತಿಯ ಭಾರವನ್ನು ಒಬ್ಬ ಧರ್ಮಗುರುವು ಹೆಗಲಿಗೆ ಹೊತ್ತಿದ್ದಾನೆ. ಸುತ್ತಣ ಪುನರುತ್ಥಿತರು ಇರುವೆಗಳಂತೆ ಚಿಕ್ಕವರು. ದಾನಿಯಾದರೋ ಸ್ವರ್ಗದವರ ಪ್ರಮಾಣದಲ್ಲಿಯೇ ಇದ್ದಾನೆ. ತೀರ್ಪು ಇನ್ನೂ ನಡೆಯುತ್ತಿರುವಾಗ ಇವನೊಬ್ಬನ ತೀರ್ಪು ಆಗಿಹೋದಂತಿದೆ. ದಾನಿಗಳ ಚಿತ್ರವನ್ನು ಬರೆಯುವುದು ಆ ಕಾಲದ ರೂಢಿಯೆಂದು ಸಮಾಧಾನ ಹೇಳಬಹುದು. ಕ್ಷೇಮೇಂದ್ರನ ಔಚಿತ್ಯದ ಅಳತೆಗೋಲಿನಿಂದ ನೋಡಿದರೆ ಈ ಸಮಾಧಾನವು ಸಾಲದು: ಹಣದ ಚೀಲವು ಕಂಡಲ್ಲೆಲ್ಲ ಅದನ್ನು ಶಿಕ್ಷಿಸಿದ ಗೋಡೆಗಳು, ಆ ಚೀಲದಿಂದಲೇ ಎದ್ದು ನಿಂತ ಕಟ್ಟಡವನ್ನು ಇಲ್ಲಿ ಕಾಣಿಕೆಯಾಗಿ ಸ್ವೀಕರಿಸುತ್ತಿವೆ. ಸಂನ್ಯಾಸಿಗಳ ದೂರಿನಲ್ಲಿ ಯಾವ ಸತ್ಯಾಂಶವಿದ್ದರೂ ಅದು ಈ ಎರಡು ಗೇಣು ಗೋಡೆಯಲ್ಲಿದೆ. ನರಕದ ಭಾಗದ ಬಹುಪಾಲು ಶಿಷ್ಯರ ಕೈಯ ಕೆಲಸ, ಅದರ ಗೊಂದಲಕ್ಕೆ ಗುರುವನ್ನು ದೂರಬೇಕಾಗಿಲ್ಲ. ದಾನಿಯ ಮುಖವಾದರೋ ನುರಿತ ಕೈಯದು. ಎದುರಿಗೆ ಕುಳ್ಳಿರಿಸಿಕೊಂಡು ಬರೆದಂತಿರುವ ಆ ಪಾರ್ಶ್ವಮುಖವು ಅತ್ಯಂತ ಜೀವಂತವಾಗಿದೆ. ಆದುದರಿಂದಲೇ ಇಲ್ಲಿಯ ಅನೌಚಿತ್ಯವು ಕೈತಪ್ಪಿನಿಂದ ಬಂದುದಲ್ಲ.

ಇದಕ್ಕೆ ಪ್ರತಿಯಾಗಿ ಮಂದಿರದ ಇನ್ನೊಂದು ತುದಿಯಲ್ಲಿ, ಯೂದನ ಚಿತ್ರದ ಮತ್ತು ಗರ್ಭವತಿಯರ ಚಿತ್ರದ ಕೆಳಗೆ, ಯಾರೂ ಇಲ್ಲದ ಎರಡು ಕೋಣೆಗಳಿವೆ. ಇವು ನಿಜವಾದ ಕೋಣೆಗಳಲ್ಲ. ಬಣ್ಣದಿಂದ ಬರೆದ ಕಮಾನು ಚಾವಣಿ, ಅದರಿಂದ ಇಳಿಬಿದ್ದ ದೀಪದ ತೂಗುಗೊಂಚಲು, ಹಿಂದೆ ಒಂದು ಕಿಟಕಿಯ ಮೂಲಕ ಕಾಣುವ ಆಕಾಶದ ತುಂಡು. ಹಜಾರದ ನಡುವೆ ನಿಂತು ನೋಡಿದರೆ ಎರಡರ ಗೆರೆಗಳೂ ಬಲಿಪೀಠದ ಕಡೆಗೆ ಒಟ್ಟುಗೂಡುತ್ತವೆ, ಗೋಡೆಯು ಆ ಎಡೆಯಲ್ಲಿ ತೂತಾಗಿದೆಯೋ ಎನ್ನಿಸುತ್ತದೆ. ದೃಷ್ಟಿಗೆರೆಗಳ ಶಾಸ್ತ್ರವು ಇಟಲಿಯಲ್ಲಿ ಬರವಣಿಗೆಗೆ ಬರುವುದಕ್ಕೆ ಒಂದು ಶತಮಾನಕ್ಕೂ ಹಿಂದಿನ ಕೆಲಸವಿದು. ಇಲ್ಲಿ ಕಥೆಯಿಲ್ಲ, ಮನುಷ್ಯರಿಲ್ಲ, ದಾನಿಯ ಗುರುತೂ ಇಲ್ಲ. ಇವು ಸತ್ತವರಿಗಾಗಿ ಮೀಸಲಾದ ಗೋರಿಮನೆಗಳೆಂದು ಕೆಲವರು, ಕಟ್ಟದೆಹೋದ ತೋಳುಗಳ ನೆರಳೆಂದು ಕೆಲವರು ಅರ್ಥಮಾಡಿದ್ದಾರೆ. ಎರಡನೆಯ ಪಕ್ಷವು ನಿಜವಾದರೆ, ಬಿಷಪ್ಪರ ಅನುಮತಿಯು ಕಲ್ಲುಗಾರೆಗಳಲ್ಲಿ ತಡೆದ ವಿಸ್ತಾರವನ್ನು ಕುಂಚವು ಯಾರ ಅನುಮತಿಯನ್ನೂ ಕೇಳದೆ ಕೊಟ್ಟಿತು. ನಿಜವಾಗದಿದ್ದರೂ, ಷರತ್ತಿಗೆ ಒಳಗಾದ ಚಿಕ್ಕ ಮಂದಿರದ ಇಕ್ಕಟ್ಟನ್ನು ಚಿತ್ರಕಾರನು ಆಳವಾಗಿ ಮಾರ್ಪಡಿಸಿದುದು ಇಲ್ಲಿಯೇ. ವಿಮರ್ಶಕರು ದಾನಿಯ ಮುಖವನ್ನು ನೋಡುತ್ತ ಕಳೆದ ಹೊತ್ತಿನಲ್ಲಿ ಒಂದು ಪಾಲನ್ನು ಈ ಬರಿದಾದ ಕೋಣೆಗಳ ಮುಂದೆ ಕಳೆದಿದ್ದರೆ, ಅವನ ಮನಸ್ಸಿನಲ್ಲಿ ಏನಿತ್ತೆಂಬ ಪ್ರಶ್ನೆಯು ಇಷ್ಟು ದೊಡ್ಡದಾಗಿ ಬೆಳೆಯುತ್ತಿರಲಿಲ್ಲ.

ಮಂದಿರದ ಮುಂದಿನ ಇತಿಹಾಸವನ್ನು ಸ್ವಲ್ಪದರಲ್ಲಿ ಹೇಳಬಹುದು. ಎನ್ರಿಕೊ ದೇಶಭ್ರಷ್ಟನಾಗಿ 1336ರಲ್ಲಿ ವೆನಿಸ್ ಸೀಮೆಯಲ್ಲಿ ಸತ್ತನು. ಅವನ ಸಮಾಧಿಯು ಬಲಿಪೀಠದ ಹಿಂದಿದೆ. ಪೀಠದ ಮೇಲೆ ಜೊವಾನ್ನಿ ಪಿಸಾನೊ ಕೆತ್ತಿದ ಮರಿಯಮ್ಮನವರ ವಿಗ್ರಹವಿದೆ. ಪೀಠಮನೆಯ ಗೋಡೆಚಿತ್ರಗಳು ಬೇರೆಯವರ ಕೈಯವು, ಅವುಗಳಲ್ಲಿ ಹೇಳಿಕೊಳ್ಳುವಂಥದೇನಿಲ್ಲ. ಅರಮನೆಯು ಕೈಯಿಂದ ಕೈಗೆ ಬದಲಾಗಿ, 1827ರಲ್ಲಿ ಅದನ್ನು ಕೆಡವಿದರು. ಆಸರೆಯಾಗಿದ್ದ ಕಟ್ಟಡವು ಹೋದ ಮೇಲೆ ಉತ್ತರದ ಗೋಡೆಯು ಬಿಸಿಲು ಮಳೆಗಳಿಗೆ ತೆರೆದುಕೊಂಡಿತು. ಅರ್ಧ ಶತಮಾನ ಕಳೆದು, 1880ರ ಸುಮಾರಿಗೆ, ನಗರಸಭೆಯು ಮಂದಿರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು.

ಹಸಿಗಾರೆಯ ಮೇಲೆ ಬರೆಯುವ ಈ ಕಲೆಗೆ ಗೋಡೆಯೇ ಆಯುಸ್ಸು. ಸುಣ್ಣದ ಗಾರೆಯು ಒಣಗುವ ಮೊದಲೇ ಬಣ್ಣವನ್ನು ಇಡಬೇಕು. ಒಣಗುವಾಗ ಬಣ್ಣವು ಗಾರೆಯ ಮೈಯಲ್ಲಿಯೇ ಬಂಧಿತವಾಗುತ್ತದೆ. ಒಂದೊಂದು ದಿನಕ್ಕೆ ಸಾಲುವಷ್ಟೇ ಗಾರೆಯನ್ನು ಬಳಿಯುತ್ತಿದ್ದುದರಿಂದ ದಿನದಿನದ ಕೆಲಸದ ಅಂಚುಗಳನ್ನು ಇಂದಿಗೂ ಗುರುತಿಸಬಹುದು. ಕಲ್ಲುನೀಲಿಯ ಬಣ್ಣವು ಮಾತ್ರ ಹಸಿಗಾರೆಗೆ ಒಗ್ಗದೆ, ಒಣಗಿದ ಮೇಲೆ ಅಂಟಿನಿಂದ ಹಚ್ಚಬೇಕಾದುದರಿಂದ, ಮರಿಯಮ್ಮನವರ ನೀಲಿ ಮೇಲುಡುಪು ಅನೇಕ ಚಿತ್ರಗಳಲ್ಲಿ ಉದುರಿಹೋಗಿದೆ. (ಇಟಲಿಯ ಈ ಪರಂಪರೆಯ ದೂರದ ಕೊಂಬೆಯೊಂದು ಕನ್ನಡನಾಡಿನಲ್ಲಿಯೂ ಉಂಟು: ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಚಾವಣಿಯನ್ನೂ, 19ನೆಯ ಶತಮಾನವು ಮುಗಿಯುವ ವೇಳೆಗೆ, ಬೆರ್ಗಮೊ ಸೀಮೆಯಿಂದ ಬಂದ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೇನಿಯು ಚಿತ್ರಿಸಿದನು. ಅಲ್ಲಿಯೂ ಕಟ್ಟಡದ ಸರಳತೆಯನ್ನು ಬಣ್ಣವೇ ತುಂಬಿಕೊಟ್ಟಿದೆ.) ಗೋಡೆಯು ಬಿದ್ದರೆ ಚಿತ್ರವನ್ನು ಹೊತ್ತುಕೊಂಡು ಓಡುವಂತಿಲ್ಲ. ಇದರ ಅರ್ಥವನ್ನು ಪದುವಾ ನಗರವು 1944ರ ಮಾರ್ಚಿ 11ರಂದು ಕಂಡಿತು. ಆ ದಿನದ ವಿಮಾನದಾಳಿಯಲ್ಲಿ, ಅಂದು ದೂರು ಕೊಟ್ಟಿದ್ದ ಸಂನ್ಯಾಸಿಗಳ ಎರೆಮಿತಾನಿ ದೇವಾಲಯದ ಮೇಲೆ ಬಾಂಬುಗಳು ಬಿದ್ದುವು. ಅದರೊಳಗಿನ ಓವೆತಾರಿ ಎಂಬ ಚಿಕ್ಕ ಮಂದಿರವನ್ನು 1448ರಿಂದ ಹಲವು ವರ್ಷಗಳ ಕಾಲ ತರುಣನಾದ ಮಾಂತೆನ್ಯನು ಜೊತೆಗಾರರೊಡನೆ ಚಿತ್ರಿಸಿದ್ದನು. ಮೊದಲೇ ಗೋಡೆಯಿಂದ ಬಿಡಿಸಿ ಬೇರೆಡೆ ಇರಿಸಿದ್ದ ಕೆಲವು ಭಾಗಗಳು ಹೊರತು ಉಳಿದುದೆಲ್ಲ ಕ್ಷಣಮಾತ್ರದಲ್ಲಿ ಪುಡಿಯಾಯಿತು. ನೂರಾರು ಹೆಜ್ಜೆಗಳ ಆಚೆಗಿದ್ದ ಅರೀನಾ ಮಂದಿರವು ಉಳಿಯಿತು. ಆ ಪುಡಿಯಿಂದ ಆಯ್ದ ತುಣುಕುಗಳು 80 ಸಾವಿರಕ್ಕೂ ಹೆಚ್ಚು. ಬಹುಪಾಲು ಅಂಗೈಯಲ್ಲಿ ಹಲವಾರು ಹಿಡಿಯುವಷ್ಟು ಚಿಕ್ಕವು. ಪದುವಾದ ವಿದ್ವಾಂಸರು ಹಳೆಯ ಛಾಯಾಚಿತ್ರಗಳ ಮೇಲೆ ಗಣಕಯಂತ್ರದ ನೆರವಿನಿಂದ ಒಂದೊಂದು ತುಣುಕಿನ ಸ್ಥಳವನ್ನು ಹುಡುಕಿ, ಕೂಡಿಸಲಾದಷ್ಟನ್ನು 2006ರಲ್ಲಿ ಮತ್ತೆ ಗೋಡೆಗೆ ಏರಿಸಿದರು. ಬೂದುಬಣ್ಣದ ಛಾಯೆಯ ನಡುವೆ ಅಲ್ಲೊಂದು ಕೈ, ಇಲ್ಲೊಂದು ಕುದುರೆಯ ಕಾಲು ಬಣ್ಣದಲ್ಲಿ ತೇಲುತ್ತಿರುವುದನ್ನು ಕಂಡವರಿಗೆ, ಉಳಿದುಕೊಂಡ ನೆರೆಯ ಮಂದಿರದ ಬೆಲೆಯು ಬೇರೆಯಾಗಿ ತಿಳಿಯುತ್ತದೆ.

ಅರೀನಾ ಮಂದಿರಕ್ಕೆ ಈಗ ಇರುವ ಶತ್ರು ನೋಡುವವರ ಉಸಿರು ಮತ್ತು ಅವರು ತರುವ ಧೂಳು, ತೇವ. 2000ನೆಯ ಇಸವಿಯಲ್ಲಿ ಪಕ್ಕಕ್ಕೆ ಗಾಜಿನ ಕೋಣೆಯೊಂದನ್ನು ಕಟ್ಟಿದರು. 2001-02ರಲ್ಲಿ ಚಿತ್ರಗಳ ಜೀರ್ಣೋದ್ಧಾರವು ನಡೆಯಿತು. 2021ರಲ್ಲಿ ಪದುವಾದ ಹದಿನಾಲ್ಕನೆಯ ಶತಮಾನದ ಭಿತ್ತಿಚಿತ್ರಗಳೆಲ್ಲವೂ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಸಣ್ಣ ಸಣ್ಣ ತಂಡಗಳಾಗಿ ಬರುವ ಪ್ರೇಕ್ಷಕರು ಗಾಜಿನ ಕೋಣೆಯಲ್ಲಿ ಸುಮಾರು ಹದಿನೈದು ನಿಮಿಷ ಕುಳಿತು, ಒಳಗಿನ ಗಾಳಿಯು ಹದಕ್ಕೆ ಬಂದ ಮೇಲೆ, ಮಂದಿರದೊಳಗೆ ಸುಮಾರು ಅಷ್ಟೇ ಹೊತ್ತು ಇರಬಹುದು. ಮೂರು ಸುತ್ತಿನ ಕಥೆಯನ್ನು ಕ್ರಮವಾಗಿ ಓದಲು ಆ ಹೊತ್ತು ಸಾಲದು. ಹಿಂದೆ ಊರಿನ ಜನರು ಪಶ್ಚಿಮದ ಬಾಗಿಲಿನಿಂದ ಪ್ರವೇಶಿಸಿ ಮೊದಲು ಕಮಾನಿನ ಮೇಲಿನ ಯೂದನನ್ನೂ ಬರಿದಾದ ಕೋಣೆಗಳನ್ನೂ ಎದುರಿಗೆ ಕಾಣುತ್ತಿದ್ದರು. ನರಕವನ್ನೂ ಮೊಣಕಾಲೂರಿದ ದಾನಿಯನ್ನೂ ಕಾಣುತ್ತಿದ್ದುದು ಹಿಂದಿರುಗಿ ಹೊರಡುವಾಗ. ಈಗಿನ ಪ್ರೇಕ್ಷಕನನ್ನು ಒಳಕ್ಕೆ ಬಿಡುವುದು ಪಕ್ಕದ ಬಾಗಿಲಿನಿಂದ, ಒಂದು ಕಾಲದಲ್ಲಿ ಸ್ಕ್ರೊವೇನ್ಯಿಯ ಅರಮನೆಯಿದ್ದ ಮಗ್ಗುಲಿನಿಂದ.